ಸೋಲೆಕ್ಸ್ 34 ಪಿಕ್ಟ್-3 ರಿಪೇರಿ ಕಿಟ್: ಚೀಲದಲ್ಲಿ ಇರುವುದು ಮತ್ತು ಇಲ್ಲದಿರುವುದು

ಅಂಗೈಯಗಲದ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಕೆಲವು ಕಾಗದದ ಗ್ಯಾಸ್ಕೆಟ್‌ಗಳು, ಒಂದು ಪಂಪ್ ಡಯಾಫ್ರಾಮ್, ಒಂದು ನೀಡಲ್ ವಾಲ್ವ್, ಬೇರೆ ಬೇರೆ ದಪ್ಪದ ವಾಷರ್‌ಗಳು, ಪುಟ್ಟ ರಬ್ಬರ್ ಉಂಗುರಗಳು ಮತ್ತು ನಾಲ್ಕಾಗಿ ಮಡಚಿದ ಸೂಚನಾ ಹಾಳೆ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್‌ಗೆ ರಿಪೇರಿ ಕಿಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ವಸ್ತು ಇಷ್ಟೇ. ಗಾಳಿಯಿಂದ ತಂಪಾಗುವ ಎಂಜಿನ್ನಿನ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಇದನ್ನು ತರಿಸಿಕೊಳ್ಳುತ್ತಾರೆ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ಓಟ) ಸರಿಯಿಲ್ಲ, ಪಿಕಪ್‌ನಲ್ಲಿ ಎಂಜಿನ್ ಮುಗ್ಗರಿಸುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ ಎಂಬ ಮೂರು ದೂರುಗಳಿಗೂ ಇದೊಂದೇ ಔಷಧ ಎಂದು ನಂಬಿರುತ್ತಾರೆ. ನಾನೂ ಹಾಗೆಯೇ ನಂಬಿ ತರಿಸಿದೆ. ಚೀಲದಲ್ಲಿದ್ದ ಭಾಗಗಳ ಗುಣಮಟ್ಟ ಒಟ್ಟಾರೆ ಚೆನ್ನಾಗಿದೆ, ಜೊತೆಗೆ ಬಂದ ಸೂಚನಾ ಹಾಳೆ ಕೆಟ್ಟದಾಗಿದೆ, ಮತ್ತು ನನ್ನ ಕಾರ್ಬುರೇಟರ್‌ನ ಮುಖ್ಯ ರೋಗಕ್ಕೆ ಬೇಕಾದ ಮದ್ದು ಆ ಚೀಲದಲ್ಲಿ ಇರಲೇ ಇಲ್ಲ. ಹಾಗಿದ್ದರೂ ಇದನ್ನು ಕೊಳ್ಳಬೇಕೆಂದೇ ಹೇಳುತ್ತೇನೆ. ಏಕೆ ಎಂಬುದನ್ನು ವಿವರವಾಗಿ ಹೇಳಬೇಕಾಗಿದೆ.

ಇಲ್ಲಿ ಹೇಳುತ್ತಿರುವುದು ಸೋಲೆಕ್ಸ್ 34 ಪಿಕ್ಟ್-3 ಎಂಬ ಮಾದರಿಯ ಬಗ್ಗೆ. 34 ಎಂಬುದು ಥ್ರಾಟಲ್ (ಒಳಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ತಟ್ಟೆ) ಬಾಯಿಯ ವ್ಯಾಸ, ಮಿಲಿಮೀಟರ್ ಲೆಕ್ಕದಲ್ಲಿ. ಒಳಗಿನ ಕಿರಿದಾದ ಗಂಟಲು, ಅಂದರೆ ವೆಂಚುರಿ, 26 ಮಿ.ಮೀ. 1971ರ ಮಾದರಿಯಿಂದ ಬಂದ, ಪ್ರತಿ ಸಿಲಿಂಡರ್ ಹೆಡ್‌ಗೂ ಎರಡು ಇನ್‌ಟೇಕ್ ದ್ವಾರಗಳಿರುವ 1600 ಎಂಜಿನ್ನಿನ ಮೇಲೆ ಇದು ಕೂತಿರುತ್ತದೆ. ಅದಕ್ಕೂ ಹಿಂದಿನ ಕಾರುಗಳಲ್ಲಿ 28 ಮತ್ತು 30ರ ಪಿಕ್ಟ್‌ಗಳಿದ್ದವು. ಮೇಲ್ನೋಟಕ್ಕೆ ಇವೆಲ್ಲ ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ ಐಡ್ಲಿಂಗ್ ಏರ್ಪಾಡಿನಲ್ಲಿ 34ರದ್ದು ಬೇರೆಯೇ ಜಾಯಮಾನ. ಅದನ್ನು ಅರಿಯದೆ 30ರ ಮೇಲೆ ಕಲಿತ ಕೈಚಳಕವನ್ನು ಇದರ ಮೇಲೆ ಪ್ರಯೋಗಿಸಿದವರೇ ಈ ಕಾರ್ಬುರೇಟರ್‌ಗೆ ಕೆಟ್ಟ ಹೆಸರು ತಂದವರು ಎಂಬುದು ನನ್ನ ಅನಿಸಿಕೆ.

ಗಾಳಿತಂಪಿನ ಎಂಜಿನ್‌ನಲ್ಲಿ ಕಾರ್ಬುರೇಟರ್‌ನ ತಪ್ಪು ಬರಿಯ ಅನನುಕೂಲವಾಗಿ ಉಳಿಯುವುದಿಲ್ಲ. ನೀರಿನ ಎಂಜಿನ್‌ನಲ್ಲಿ ಸಿಲಿಂಡರ್‌ಗಳ ಸುತ್ತ ಒಂದೇ ಬಿಸಿಯ ನೀರು ಹರಿದು ಏರುಪೇರನ್ನು ಸಮ ಮಾಡುತ್ತದೆ. ಇಲ್ಲಿ ಪ್ರತಿ ಹೆಡ್ ತನ್ನ ರೆಕ್ಕೆಗಳ ಮೇಲೆ ಬೀಸುವ ಗಾಳಿಯನ್ನೂ, ಒಳಗೆ ಹಾದುಹೋಗುವ ಎಣ್ಣೆಯನ್ನೂ, ಒಂದಿಷ್ಟು ಮಟ್ಟಿಗೆ ಆವಿಯಾಗುವ ಪೆಟ್ರೋಲಿನ ತಂಪನ್ನೂ ನೆಚ್ಚಿಕೊಂಡಿರುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದರೆ ಹೆಡ್‌ನ ಬಿಸಿ ಏರಿ, ಎಕ್ಸಾಸ್ಟ್ ವಾಲ್ವ್ ಸುಡುವ ತನಕ ಹೋಗಬಹುದು. ಆಯಿಲ್ ಕೂಲರ್ ಫ್ಯಾನ್ ಹೊದಿಕೆಯ ಒಳಗೇ ನಿಂತಿದ್ದ ಹಳೆಯ ಎಂಜಿನ್‌ಗಳಲ್ಲಿ ಮೂರನೆಯ ಸಿಲಿಂಡರ್ ಉಳಿದವುಗಳಿಗಿಂತ ಹೆಚ್ಚು ಕಾಯುತ್ತಿದ್ದುದು, ಆ ಸಿಲಿಂಡರ್‌ನ ಪಾಲಿನ ಗಾಳಿಗೆ ಕೂಲರ್ ಅಡ್ಡ ನಿಂತಿದ್ದರಿಂದ. 34 ಪಿಕ್ಟ್-3 ಬಂದ ಕಾಲಕ್ಕೇ ಕೂಲರನ್ನು ಆ ದಾರಿಯಿಂದ ಹೊರಗಿಟ್ಟರು, ನಿಜ. ಆದರೆ ಎಲ್ಲಿಂದಲೋ ಒಳನುಗ್ಗುವ ಲೆಕ್ಕಕ್ಕೆ ಸಿಗದ ಗಾಳಿಯನ್ನು ಸಹಿಸುವ ಶಕ್ತಿ ಯಾವ ಕೂಲರ್ ಜಾಗ ಬದಲಾಯಿಸಿದರೂ ಎಂಜಿನ್‌ಗೆ ಬರುವುದಿಲ್ಲ. ಆದ್ದರಿಂದ ಈ ಕಿಟ್ಟನ್ನು ಅಳೆಯುವಾಗ ನಾನು ಇಟ್ಟುಕೊಂಡ ಮುಖ್ಯ ಪ್ರಶ್ನೆ, ಇದು ಸೋರಿಕೆಯನ್ನು ಎಷ್ಟರ ಮಟ್ಟಿಗೆ ನಿಲ್ಲಿಸುತ್ತದೆ ಎಂಬುದೇ ಆಗಿತ್ತು.

ಕಿಟ್ ಬಿಚ್ಚುವ ಮೊದಲೇ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಎಂಜಿನ್ ಐಡ್ಲಿಂಗ್‌ನಲ್ಲಿ ಏರಿಳಿಯುತ್ತಿತ್ತು. ಕಾರ್ಬುರೇಟರನ್ನೇ ದೂರಿ ಅದನ್ನು ಇಳಿಸಿದೆ. ಇಳಿಸಿದ ಮೇಲೆ ಕಣ್ಣಿಗೆ ಬಿದ್ದದ್ದು, ಮಿಶ್ರಣವನ್ನು ಹೆಡ್‌ಗಳಿಗೆ ಒಯ್ಯುವ ನಡುವಿನ ಮ್ಯಾನಿಫೋಲ್ಡನ್ನು ಎರಡು ತುದಿಯ ತುಂಡುಗಳಿಗೆ ಜೋಡಿಸುವ ರಬ್ಬರ್ ತೋಳುಗಳಲ್ಲಿ ಒಂದು ಕೆಳಭಾಗದಲ್ಲಿ ಸೀಳಿದ್ದುದು. ಮೇಲಿನಿಂದ ನೋಡಿದರೆ ಅದು ಹೊಸದರಂತೆಯೇ ಇತ್ತು. ಇದು ಕಿಟ್‌ನಲ್ಲಿ ಬರುವ ಭಾಗವಲ್ಲ, ಬರಬೇಕಾದದ್ದೂ ಅಲ್ಲ. ಆದರೆ ವಾಲ್ವ್‌ಗಳ ಟ್ಯಾಪೆಟ್ ಅಂತರ 0.15 ಮಿ.ಮೀ. ಇದೆಯೇ, ಅದನ್ನು ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಅಳೆದಿದ್ದೇವೆಯೇ, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ 0.4 ಮಿ.ಮೀ. ತೆರೆಯುತ್ತದೆಯೇ, ಕಿಡಿಯ ಟೈಮಿಂಗ್ ಸರಿಯಿದೆಯೇ, ರಬ್ಬರ್ ತೋಳುಗಳು ಗಟ್ಟಿಯಿವೆಯೇ ಎಂದು ನೋಡದೆ ಕಾರ್ಬುರೇಟರ್ ಬಿಚ್ಚಿದವರು ಕಿಟ್ಟಿನ ಬಗ್ಗೆ ಬರೆಯುವ ಅಭಿಪ್ರಾಯಕ್ಕೆ ಬೆಲೆಯಿಲ್ಲ. ತೋಳನ್ನು ಬದಲಿಸಿ, ಉಳಿದದ್ದನ್ನು ಸರಿಮಾಡಿ, ಹಳೆಯ ಕಾರ್ಬುರೇಟರನ್ನು ಹಾಗೆಯೇ ಮತ್ತೆ ಕೂರಿಸಿ ಓಡಿಸಿದೆ. ಏರಿಳಿತ ಅರ್ಧ ಕಡಿಮೆಯಾಯಿತು. ಉಳಿದರ್ಧ ಮಾತ್ರ ಕಾರ್ಬುರೇಟರ್‌ನದು ಎಂದು ಖಚಿತವಾದ ಮೇಲೆಯೇ ಕಿಟ್ಟಿನ ಚೀಲ ಹರಿದದ್ದು.

ಈಗ ಭಾಗಗಳಿಗೆ ಬರೋಣ. ಮೇಲ್ಮುಚ್ಚಳ ಮತ್ತು ಒಡಲಿನ ನಡುವೆ ಬರುವ ದೊಡ್ಡ ಗ್ಯಾಸ್ಕೆಟ್ ಚೀಲದಲ್ಲಿ ಎರಡಿದ್ದವು. ಒಂದೇ ಕಿಟ್ಟನ್ನು ಹಲವು ಮಾದರಿಗಳಿಗೆ ಮಾರುವುದರಿಂದ ಹೀಗೆ ಎರಡೆರಡು ಬರುತ್ತವೆ. ಒಂದರ ಮೇಲೊಂದು ಇಟ್ಟು ನೋಡಿದರೆ ಅಂಚು ಒಂದೇ, ಸ್ಕ್ರೂ ತೂತುಗಳೂ ಒಂದೇ. ವ್ಯತ್ಯಾಸವಿದ್ದದ್ದು ಕಡಲೆಕಾಳಿಗಿಂತ ಸಣ್ಣ ಒಂದು ತೂತಿನಲ್ಲಿ. ಆ ತೂತು ಇಲ್ಲದ ಗ್ಯಾಸ್ಕೆಟ್ ಹಾಕಿದರೆ ಒಳಗಿನ ಒಂದು ದಾರಿ ಮುಚ್ಚಿಹೋಗಿ, ಯಾವ ಸ್ಕ್ರೂ ತಿರುಗಿಸಿದರೂ ಉತ್ತರ ಸಿಗದ ತೊಂದರೆಯೊಂದು ಹೊಸದಾಗಿ ಹುಟ್ಟುತ್ತದೆ. ಹಾಳೆಯಲ್ಲಿ ಇದರ ಸುಳಿವೇ ಇಲ್ಲ. ಹಳೆಯ ಗ್ಯಾಸ್ಕೆಟ್ ಎಷ್ಟೇ ಹರಿದಿದ್ದರೂ ಅದನ್ನು ಎಸೆಯದೆ, ಹೊಸದನ್ನು ಅದರ ಮೇಲೂ ಮುಚ್ಚಳದ ಮೇಲೂ ಇಟ್ಟು ಪ್ರತಿ ತೂತನ್ನೂ ಎಣಿಸಿಯೇ ಹಾಕಬೇಕು. ಗ್ಯಾಸ್ಕೆಟ್ಟಿನ ಕಾಗದ ಮಾತ್ರ ಒಳ್ಳೆಯದು: ದಪ್ಪ ಒಂದೇ ಸಮ, ಅಂಚಿನಲ್ಲಿ ನಾರು ಎದ್ದಿಲ್ಲ, ಪೆಟ್ರೋಲಿನಲ್ಲಿ ಒಂದು ರಾತ್ರಿ ಅದ್ದಿಟ್ಟು ತೆಗೆದರೂ ಹಿಗ್ಗಲಿಲ್ಲ.

ಗ್ಯಾಸ್ಕೆಟ್ ಎಷ್ಟು ಒಳ್ಳೆಯದಾದರೂ ಮುಚ್ಚಳ ಸಪಾಟಾಗಿರದಿದ್ದರೆ ಪ್ರಯೋಜನವಿಲ್ಲ. ಸತುವಿನ ಮಿಶ್ರಲೋಹದ ಈ ಮುಚ್ಚಳವನ್ನು ಯಾರೋ ಹಿಂದೆ ಬಲವಾಗಿ ಬಿಗಿದಿದ್ದರಿಂದ ಸ್ಕ್ರೂ ಇರುವ ಕಡೆಗಳಲ್ಲಿ ಅದು ಬಾಗಿತ್ತು. ದಪ್ಪ ಗಾಜಿನ ಮೇಲೆ ನಯವಾದ ಎಮೆರಿ ಕಾಗದ ಹಾಸಿ, ಮುಚ್ಚಳವನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದರೆ ಎತ್ತರವಾದ ಜಾಗಗಳು ಮೊದಲು ಹೊಳೆಯುತ್ತವೆ. ಹೊಳಪು ಸುತ್ತಲೂ ಹರಡುವವರೆಗೆ ಉಜ್ಜಿ ನಿಲ್ಲಿಸಬೇಕು. ಇದಕ್ಕೆ ಒಂದು ಗಂಟೆ ಹಿಡಿಯಿತು. ಕಿಟ್ಟಿನ ಅತ್ಯುತ್ತಮ ಭಾಗವಾದ ಗ್ಯಾಸ್ಕೆಟ್ಟಿಗೆ ತಕ್ಕ ಮರ್ಯಾದೆ ಸಿಕ್ಕಿದ್ದು ಈ ಒಂದು ಗಂಟೆಯಿಂದಲೇ.

ಪಂಪ್ ಡಯಾಫ್ರಾಮ್ ಈ ಕಿಟ್ ಕೊಳ್ಳಲು ಇರುವ ಮೊದಲ ಕಾರಣ. ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಗಾಳಿ ಬೇಗ ನುಗ್ಗುತ್ತದೆ, ಮುಖ್ಯ ಜೆಟ್ಟಿನ (ಪೆಟ್ರೋಲನ್ನು ಅಳೆದು ಬಿಡುವ ತೂತು) ಪೆಟ್ರೋಲ್ ಸ್ವಲ್ಪ ತಡವಾಗಿ ಬರುತ್ತದೆ. ಆ ನಡುವಿನ ಕೊರತೆಯನ್ನು ತುಂಬಲು ಈ ಡಯಾಫ್ರಾಮ್ ಒಂದು ಸಣ್ಣ ನಳಿಕೆಯ ಮೂಲಕ ಪೆಟ್ರೋಲನ್ನು ಚಿಮ್ಮಿಸುತ್ತದೆ. ಹಳೆಯ ರಬ್ಬರು ಎಥನಾಲ್ ಬೆರೆತ ಪೆಟ್ರೋಲನ್ನು ತಾಳುವುದಿಲ್ಲ. ನನ್ನ ಹಳೆಯ ಡಯಾಫ್ರಾಮ್ ಹಪ್ಪಳದಂತೆ ಗಟ್ಟಿಯಾಗಿ, ಬೆಳಕಿಗೆ ಹಿಡಿದರೆ ನಡುವಿನ ತಟ್ಟೆಯ ಸುತ್ತ ಕೂದಲೆಳೆಯ ಬಿರುಕು ಕಾಣುತ್ತಿತ್ತು. ಹೊಸದು ಮೆತ್ತಗಿದೆ, ನೂಲಿನ ಹಂದರ ಬಿಗಿಯಾಗಿದೆ, ತೂತುಗಳು ಒಡಲಿನ ತೂತುಗಳಿಗೆ ಸರಿಯಾಗಿ ಕೂತವು. ಜೋಡಿಸುವಾಗ ಒಂದು ಎಚ್ಚರ ಬೇಕು: ಮುಚ್ಚಳದ ಸ್ಕ್ರೂಗಳನ್ನು ಪೂರ್ತಿ ಬಿಗಿಯುವ ಮೊದಲು ಪಂಪಿನ ಸನ್ನೆಯನ್ನು (ಲಿವರ್) ಕೊನೆಯವರೆಗೆ ಒತ್ತಿ ಹಿಡಿದಿರಬೇಕು. ಹಾಗೆ ಮಾಡದೆ ಬಿಗಿದರೆ ರಬ್ಬರು ಪ್ರತಿ ಒತ್ತಿಗೂ ಎಳೆಯಲ್ಪಟ್ಟು, ಪಂಪಿನ ಚಲನೆ ಮೊಟಕಾಗಿ, ಬಲುಬೇಗ ಹರಿಯುತ್ತದೆ. ಹಾಳೆ ಇದನ್ನೂ ಹೇಳುವುದಿಲ್ಲ. ನಂತರ ಚಿಮ್ಮುವ ಪ್ರಮಾಣವನ್ನು ಅಳೆಯುವುದು ಸುಲಭ. ಒಂದು ಒತ್ತಿನಲ್ಲಿ ಬೀಳುವುದು ಹನಿಗಳ ಲೆಕ್ಕದಲ್ಲಿರುವುದರಿಂದ, ಹತ್ತು ಒತ್ತಿನ ಪೆಟ್ರೋಲನ್ನು ಔಷಧದ ಅಳತೆ ಲೋಟದಲ್ಲಿ ಹಿಡಿದು ಹತ್ತರಿಂದ ಭಾಗಿಸಿದರಾಯಿತು. ಹಳೆಯದು ಒಂದು ಮಿಲಿಲೀಟರನ್ನೂ ಮುಟ್ಟುತ್ತಿರಲಿಲ್ಲ, ಹೊಸದು ಒಂದೂವರೆ ಮಿಲಿಲೀಟರಿನ ಆಸುಪಾಸಿಗೆ ಬಂತು. ಪಿಕಪ್‌ನ ಮುಗ್ಗರಿಕೆ ಅಂದೇ ಹೋಯಿತು. ಈ ಒಂದು ಭಾಗದ ಮಟ್ಟಿಗೆ ಕಿಟ್ಟಿಗೆ ಪೂರ್ಣ ಅಂಕ ಕೊಡುತ್ತೇನೆ.

ನೀಡಲ್ ವಾಲ್ವ್ ವಿಷಯದಲ್ಲಿ ಅಂಥ ಸಂತೋಷವಿಲ್ಲ. ವಾಲ್ವ್ ಕೆಲಸ ಮಾಡುತ್ತದೆ: ಮುಚ್ಚಳವನ್ನು ತಲೆಕೆಳಗು ಹಿಡಿದು ಪೆಟ್ರೋಲ್ ನಳಿಕೆಗೆ ಬಾಯಿಂದ ಊದಿದರೆ ಗಾಳಿ ನಿಲ್ಲುತ್ತದೆ, ನೆಟ್ಟಗೆ ಹಿಡಿದರೆ ಹೋಗುತ್ತದೆ. ಆದರೆ ಅದರ ಒಟ್ಟು ಉದ್ದ ಹಳೆಯದಕ್ಕಿಂತ ಕೊಂಚ ಕಡಿಮೆಯಿತ್ತು. ಈ ಕಾರ್ಬುರೇಟರ್‌ನಲ್ಲಿ ಫ್ಲೋಟ್ (ತೇಲುವ ಬುರುಡೆ) ತೊಟ್ಟಿಯ ಪೆಟ್ರೋಲ್ ಮಟ್ಟವನ್ನು ಬಗ್ಗಿಸಿ ಸರಿಪಡಿಸಲು ಲೋಹದ ನಾಲಿಗೆಯಿಲ್ಲ. ವಾಲ್ವ್ ಕೆಳಗಿನ ವಾಷರ್ ದಪ್ಪವೇ ಅದನ್ನು ನಿರ್ಧರಿಸುತ್ತದೆ. ವಾಷರ್ ದಪ್ಪವಾದರೆ ವಾಲ್ವ್ ಕೆಳಗೆ ಇಳಿದು ಬೇಗ ಮುಚ್ಚಿಕೊಳ್ಳುತ್ತದೆ, ಮಟ್ಟ ತಗ್ಗುತ್ತದೆ. ತೆಳುವಾದರೆ ಮಟ್ಟ ಏರುತ್ತದೆ. ಕಾರ್ಖಾನೆ ಒಪ್ಪುವ ವ್ಯಾಪ್ತಿ ಬರೇ 2 ಮಿ.ಮೀ. ಇರುವಾಗ ಗಿಡ್ಡ ವಾಲ್ವನ್ನು ಹಳೆಯ ವಾಷರ್ ಮೇಲೆಯೇ ಕೂರಿಸಿದರೆ ಮಟ್ಟ ಆ ಗಡಿಯನ್ನು ದಾಟುತ್ತದೆ. ಕಾರನ್ನು ಸಮತಟ್ಟಿನ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಆರಿಸಿ, ಪೆಟ್ರೋಲ್ ಪೈಪನ್ನು ಕಳಚಿ ಅಡಚಿ, ಮುಚ್ಚಳ ತೆಗೆದು ಅಂಚಿನಿಂದ ಪೆಟ್ರೋಲಿನ ಮೇಲ್ಮೈಗೆ ಅಳೆದಾಗ ಮಟ್ಟ ಮೇಲಿತ್ತು. ಚೀಲದಲ್ಲಿದ್ದ ದಪ್ಪ ವಾಷರ್ ಹಾಕಿದ ಮೇಲೆ ಸರಿಹೋಯಿತು. ವಾಷರ್ ಕೊಟ್ಟಿದ್ದಾರಲ್ಲ, ತಪ್ಪೇನು ಎಂದು ಕೇಳಬಹುದು. ಅದು ಅಲ್ಲಿ ಏಕಿದೆ ಎಂದು ಹೇಳುವ ಒಂದು ಸಾಲು ಹಾಳೆಯಲ್ಲಿ ಇಲ್ಲ ಎಂಬುದೇ ತಪ್ಪು. ವಾಲ್ವ್ ಸರಿಯಿದ್ದೂ ಪೆಟ್ರೋಲ್ ಉಕ್ಕುತ್ತಿದ್ದರೆ ಟ್ಯಾಂಕಿನಿಂದ ಪೆಟ್ರೋಲ್ ತರುವ ಪಂಪಿನ ಒತ್ತಡ ನೋಡಬೇಕು. 3ರಿಂದ 4 ಪಿಎಸ್‌ಐ ಮೀರಿದ ಒತ್ತಡ ಯಾವ ಹೊಸ ನೀಡಲನ್ನಾದರೂ ಎತ್ತಿಬಿಡುತ್ತದೆ.

ಇನ್ನು ಇಲ್ಲದ ಭಾಗಗಳು. ತಣ್ಣಗಿನ ಎಂಜಿನ್ ಚಾಲೂ ಮಾಡುವಾಗ ಗಾಳಿಯನ್ನು ತಗ್ಗಿಸುವ ಚೋಕಿನ ತಟ್ಟೆಯನ್ನು, ಎಂಜಿನ್ ಚಾಲೂ ಆದೊಡನೆ ನಿರ್ವಾತದ ಸೆಳೆತದಿಂದ ಕೊಂಚ ತೆರೆಯುವ ಎರಡನೆಯ ಡಯಾಫ್ರಾಮ್ ಒಂದಿದೆ. ನನ್ನ ಚೀಲದಲ್ಲಿ ಅದು ಇರಲಿಲ್ಲ. ಪಂಪಿನ ಡಯಾಫ್ರಾಮ್ ಹರಿದರೆ ಪಿಕಪ್‌ನಲ್ಲಿ ತಿಳಿಯುತ್ತದೆ. ಇದು ಹರಿದರೆ ಬೆಳಗಿನ ಚಾಲೂ ಆದ ಕೂಡಲೇ ಎಂಜಿನ್ ಹೊಗೆಯುಗುಳಿ ಉಸಿರುಗಟ್ಟುತ್ತದೆ, ಮೇಲಾಗಿ ಅದು ಇನ್ನೊಂದು ಗಾಳಿ ಸೋರಿಕೆಯ ಬಾಯಿಯೂ ಆಗುತ್ತದೆ. ಒಂದೇ ರಬ್ಬರು, ಒಂದೇ ವಯಸ್ಸು. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ಕೊಳ್ಳುವವರು ಪಟ್ಟಿಯಲ್ಲಿ ಇದು ಇದೆಯೇ ಎಂದು ಮೊದಲು ನೋಡಿಕೊಳ್ಳಲಿ. ಇಗ್ನಿಷನ್ ಆರಿಸಿದಾಗ ಐಡ್ಲಿಂಗ್ ದಾರಿಯನ್ನು ಮುಚ್ಚಿ, ಎಂಜಿನ್ ತಾನಾಗಿಯೇ ಗುಡುಗುತ್ತ ಓಡುವುದನ್ನು ತಡೆಯುವ ವಿದ್ಯುತ್ ವಾಲ್ವ್ ಕೂಡ ಕಿಟ್‌ನಲ್ಲಿಲ್ಲ, ಆದರೆ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಕೀಲಿ ತಿರುಗಿಸಿದಾಗ ಅದು ಟಕ್ ಎಂದರೆ ಬದುಕಿದೆ ಎಂದರ್ಥ. ಅದರ ತಂತಿ ಕಳಚಿದ್ದನ್ನು ಗಮನಿಸದೆ ಇಡೀ ಕಾರ್ಬುರೇಟರ್ ಬಿಚ್ಚಿದವರು ಇದ್ದಾರೆ.

ಕಿಟ್‌ನಲ್ಲಿ ಇರದ, ಆದರೆ ಕಾರ್ಬುರೇಟರ್ ಕೈಯಲ್ಲಿರುವಾಗ ಮರೆಯಲೇಬಾರದ ಇನ್ನೊಂದು ಸಂಗತಿ ಪೆಟ್ರೋಲ್ ಒಳಬರುವ ಹಿತ್ತಾಳೆಯ ನಳಿಕೆ. ಅದನ್ನು ಮುಚ್ಚಳಕ್ಕೆ ಬರಿದೆ ಒತ್ತಿ ಕೂರಿಸಿರುತ್ತಾರೆ, ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಇರುವುದಿಲ್ಲ. ಹಿತ್ತಾಳೆ ಮತ್ತು ಸತು ಬಿಸಿಗೆ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗಿ, ವರ್ಷಗಳ ಅದುರಾಟವೂ ಸೇರಿ, ನಳಿಕೆ ಸಡಿಲವಾಗುತ್ತದೆ. ಅದು ಓಡುತ್ತಿರುವಾಗ ಕಳಚಿಕೊಂಡರೆ ಪಂಪ್ ನಿಲ್ಲುವುದಿಲ್ಲ; ಪೆಟ್ರೋಲ್ ನೇರವಾಗಿ ಬಿಸಿ ಎಂಜಿನ್ನಿನ ಮೇಲೆ, ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಸುರಿಯುತ್ತದೆ. ಗಾಳಿತಂಪಿನ ಫೋಕ್ಸ್‌ವ್ಯಾಗನ್‌ಗಳು ಹೊತ್ತಿಕೊಳ್ಳುವ ಕಾರಣಗಳಲ್ಲಿ ಇದೂ ಒಂದು. ಬೆರಳಿನಿಂದ ತಿರುಚಿದಾಗ ನನ್ನದು ಅಲುಗಿತು. ಅದನ್ನು ತೆಗೆದು, ತೂತಿಗೆ ಮರೆ ಕೊಯಿಸಿ, ಮರೆಯಿರುವ ನಳಿಕೆಯನ್ನು ಹಾಕಿಸಿದೆ. ಪೈಪನ್ನೂ ಅದರ ಹಿಡಿಕೆಯನ್ನೂ ಹೊಸದು ಮಾಡಿದೆ. ಇಷ್ಟು ಗಂಭೀರವಾದ ವಿಷಯಕ್ಕೆ ಹಾಳೆಯಲ್ಲಿ ಒಂದು ಎಚ್ಚರಿಕೆಯ ಮಾತು ಹಾಕಲು ಜಾಗವಿಲ್ಲದವರು, ಕೈ ತೊಳೆದುಕೊಳ್ಳಿ ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.

ಶುಚಿ ಮಾಡುವ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಾರ್ಬುರೇಟರ್ ಕ್ಲೀನರ್, ಮೆತ್ತನೆಯ ಬ್ರಷ್, ಒತ್ತಡದ ಗಾಳಿ, ಇವು ಸಾಕು. ತೀಕ್ಷ್ಣ ಕ್ಷಾರದಲ್ಲಿ ಅದ್ದಿದರೆ ಸತುವಿನ ಒಡಲು ಕಪ್ಪಾಗುತ್ತದೆ. ಫ್ಲೋಟ್ ಮತ್ತು ರಬ್ಬರುಗಳನ್ನು ಕ್ಲೀನರ್‌ನಲ್ಲಿ ನೆನೆಹಾಕಬಾರದು. ಜೆಟ್ಟುಗಳ ಮೇಲಿನ ಅಂಕಿ ಅದರ ತೂತಿನ ಅಳತೆ: 127.5 ಎಂದಿದ್ದರೆ 1.275 ಮಿ.ಮೀ., 55 ಎಂದಿದ್ದರೆ 0.55 ಮಿ.ಮೀ. ಹೀಗೆ ಮಿಲಿಮೀಟರಿನ ನೂರನೆಯ ಒಂದು ಭಾಗ ಲೆಕ್ಕಕ್ಕೆ ಬರುವ ಕಡೆ ತಂತಿ ತುರುಕಿ ಕೆರೆಯುವುದು ಜೆಟ್ಟನ್ನು ಕೊಂದಂತೆಯೇ. ಶುಚಿಯಾದ ಒಡಲನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ತಡೆಗುಂಡು ಕಿಣಿಕಿಣಿ ಎನ್ನಬೇಕು. ಸದ್ದಿಲ್ಲದಿದ್ದರೆ ಅದು ಅಂಟಿಕೊಂಡಿದೆ, ಪಂಪಿಗೆ ಹೊಸ ಡಯಾಫ್ರಾಮ್ ಹಾಕಿಯೂ ಫಲವಿಲ್ಲ.

ಇಷ್ಟೆಲ್ಲ ಆದ ಮೇಲೆ ಕಾರ್ಬುರೇಟರ್ ಕೂರಿಸಿ ಎಂಜಿನ್ ಚಾಲೂ ಮಾಡಿದೆ. ಪಿಕಪ್ ಚೆನ್ನಾಗಿತ್ತು, ಪೆಟ್ರೋಲ್ ವಾಸನೆ ಇರಲಿಲ್ಲ, ಐಡ್ಲಿಂಗ್ ಮಾತ್ರ ಹಳೆಯ ಚಾಳಿಯನ್ನು ಬಿಟ್ಟಿರಲಿಲ್ಲ. ಒಮ್ಮೆ ನಿಮಿಷಕ್ಕೆ 800 ಸುತ್ತಿಗೆ ಇಳಿದರೆ ಇನ್ನೊಮ್ಮೆ 1100ಕ್ಕೆ ಏರುತ್ತಿತ್ತು, ಮಿಶ್ರಣದ ಸ್ಕ್ರೂ ಎರಡು ಸುತ್ತು ತಿರುಗಿಸಿದರೂ ಎಂಜಿನ್‌ಗೆ ಅದರ ಪರಿವೆಯೇ ಇಲ್ಲ. ಥ್ರಾಟಲ್ ಶಾಫ್ಟ್ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಕಾರಣ ಕೈಗೆ ಸಿಕ್ಕಿತು. ಆಕ್ಸಿಲರೇಟರ್ ಕೇಬಲ್ ಒಂದು ಕಡೆಗೆ, ಸ್ಪ್ರಿಂಗ್ ಇನ್ನೊಂದು ಕಡೆಗೆ ದಶಕಗಳಿಂದ ಎಳೆದೂ ಎಳೆದೂ ಶಾಫ್ಟ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಥ್ರಾಟಲ್ ಮುಚ್ಚಿದಾಗ ಅದರ ಕೆಳಗೆ ನಿರ್ವಾತ ಅತಿ ಹೆಚ್ಚು. ಆ ಸವೆದ ಸಂದಿನಿಂದ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ, ಶಾಫ್ಟ್ ಪ್ರತಿಸಲ ಬೇರೆ ಜಾಗದಲ್ಲಿ ಕೂರುವುದರಿಂದ ಸೆಳೆಯುವ ಗಾಳಿಯ ಪ್ರಮಾಣವೂ ಪ್ರತಿಸಲ ಬೇರೆ. ಇದಕ್ಕೆ ಗ್ಯಾಸ್ಕೆಟ್ ಇಲ್ಲ, ರಬ್ಬರ್ ಉಂಗುರವೂ ಇಲ್ಲ. ಯಾವ ರಿಪೇರಿ ಕಿಟ್ಟೂ ಮುಟ್ಟಲಾಗದ ಈ ಸವೆತವೇ ಹಳೆಯ ಸೋಲೆಕ್ಸ್‌ಗಳ ನಿಜವಾದ ವೃದ್ಧಾಪ್ಯ.

ಒಡಲನ್ನು ಮತ್ತೆ ಇಳಿಸಿ, ಬುಷ್ (ಸವೆದ ತೂತಿಗೆ ಕೂರಿಸುವ ಲೋಹದ ಬಳೆ) ಹಾಕುವ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಆ ಕೆಲಸವೂ ಈ ವಿಮರ್ಶೆಯ ಭಾಗವೇ, ಏಕೆಂದರೆ ಕಿಟ್ ಮತ್ತು ಬುಷ್ ಎರಡೂ ಸೇರಿದಾಗ ಮಾತ್ರ ರಿಪೇರಿ ಎಂಬ ಮಾತಿಗೆ ಅರ್ಥ ಬರುತ್ತದೆ. ಎರಡು ಕಡೆಯ ತೂತುಗಳನ್ನು ಒಂದೇ ನೇರದಲ್ಲಿ ರೀಮರ್‌ನಿಂದ ಅಗಲಿಸಿ, ಕಂಚಿನ ಬುಷ್ ಒತ್ತಿ ಕೂರಿಸಿ, ಮತ್ತೆ ಶಾಫ್ಟಿನ ಅಳತೆಗೆ ನಯ ಮಾಡುವುದು ಕೆಲಸದ ಸಾರ. ಎರಡು ಬುಷ್‌ಗಳ ನೇರ ಒಂದು ಕೂದಲೆಳೆ ತಪ್ಪಿದರೂ ಶಾಫ್ಟ್ ಬಿಗಿಯಾಗಿ ಥ್ರಾಟಲ್ ಹಿಂದಿರುಗುವುದಿಲ್ಲ, ಆದ್ದರಿಂದ ಕೈ ಡ್ರಿಲ್ ಹಿಡಿದು ಮನೆಯಲ್ಲಿ ಮಾಡುವ ಸಾಹಸ ಬೇಡ. ನನಗೆ ಮರಳಿ ಬಂದ ಒಡಲಿನಲ್ಲಿ ಶಾಫ್ಟ್ ಬೆರಳಿಗೆ ಹಗುರವಾಗಿ ತಿರುಗುತ್ತಿತ್ತು, ಅಲುಗಾಟ ಎಳ್ಳಷ್ಟೂ ಇರಲಿಲ್ಲ. ಬೆಳಕಿಗೆ ಹಿಡಿದರೆ ತಟ್ಟೆಯ ಸುತ್ತ ತೆಳುವಾದ ಸಮಾನ ಗೆರೆ. ಒಂದು ಕೊರತೆ ಕಂಡಿತು. ತಟ್ಟೆಯನ್ನು ಶಾಫ್ಟ್‌ಗೆ ಹಿಡಿಸುವ ಎರಡು ಸಣ್ಣ ಸ್ಕ್ರೂಗಳನ್ನು ಹೊಸದಾಗಿ ಹಾಕಿದ್ದರು, ಆದರೆ ಅವುಗಳ ತುದಿಯನ್ನು ತಟ್ಟಿ ಅಗಲಿಸಿರಲಿಲ್ಲ. ಕಾರ್ಖಾನೆಯಲ್ಲಿ ಈ ತುದಿಗಳನ್ನು ತಟ್ಟಿಯೇ ಕಳಿಸುತ್ತಿದ್ದರು. ಸಡಿಲವಾದ ಸ್ಕ್ರೂ ಬೀಳುವ ದಾರಿ ಒಂದೇ, ಅದು ಸಿಲಿಂಡರಿಗೆ. ಫೋನಿನಲ್ಲಿ ಹೇಳಿದಾಗ ವಾದ ಮಾಡದೆ ಒಪ್ಪಿ, ಮತ್ತೆ ತರಿಸಿಕೊಂಡು ಸರಿಮಾಡಿಕೊಟ್ಟರು. ಕೆಲಸ ಒಳ್ಳೆಯದು, ಕಡೆಯ ಪರೀಕ್ಷೆ ಸಾಲದು ಎಂದು ಬರೆಯುತ್ತೇನೆ. ತಟ್ಟೆಯ ಅಂಚು ಓರೆಯಾಗಿರುವುದರಿಂದ ಅದು ಮೊದಲಿದ್ದ ದಿಕ್ಕಿನಲ್ಲೇ ಕೂರಬೇಕು ಎಂಬುದನ್ನು ಅವರು ತಪ್ಪಿರಲಿಲ್ಲ.

ಹೊಂದಾಣಿಕೆಯ ಹಂತದಲ್ಲಿ ಕಿಟ್ಟಿನ ಹಾಳೆಯನ್ನು ಪಕ್ಕಕ್ಕಿಡಬೇಕು. ಐಡ್ಲಿಂಗ್ ವೇಗವನ್ನು ಥ್ರಾಟಲ್ ಸನ್ನೆಯ ಸ್ಕ್ರೂನಿಂದ ಏರಿಸಿ ಇಳಿಸಿ ಎಂದು ಅದು ಹೇಳುತ್ತದೆ. 30 ಪಿಕ್ಟ್-1ರಂಥ ಹಳೆಯ ಮಾದರಿಗೆ ಅದು ಒಪ್ಪಬಹುದು. 34 ಪಿಕ್ಟ್-3ರಲ್ಲಿ ಐಡ್ಲಿಂಗ್ ಗಾಳಿ ತಟ್ಟೆಯನ್ನು ಬಳಸಿಕೊಂಡು ಹೋಗುವ ಪ್ರತ್ಯೇಕ ಓಣಿಯಲ್ಲಿ ಹರಿಯುತ್ತದೆ, ಆ ಓಣಿಗೆ ಎಡಬದಿಯಲ್ಲಿ ದೊಡ್ಡ ಬೈಪಾಸ್ ಸ್ಕ್ರೂ ಇದೆ; ಅದರ ಹತ್ತಿರದ ಸಣ್ಣ ಸ್ಕ್ರೂ ಮಿಶ್ರಣದ್ದು. ಥ್ರಾಟಲ್ ಸ್ಕ್ರೂ ಇರುವುದು ಚೋಕಿನ ಮೆಟ್ಟಿಲು ಚಕ್ರದ ಮೇಲೆ ಕೂತು ತಣ್ಣಗಿನ ಎಂಜಿನ್ನಿಗೆ ವೇಗ ಕೊಡಲು, ಮತ್ತು ತಟ್ಟೆ ಒಡಲಿಗೆ ಕಚ್ಚಿಕೊಳ್ಳದಂತೆ ಕೂದಲೆಳೆಯಷ್ಟು ಅಂತರ ಉಳಿಸಲು. ಅದನ್ನು ತಿರುಗಿಸಿ ತಟ್ಟೆಯನ್ನು ತೆರೆದರೆ ಎರಡು ಹಾನಿಗಳು ಒಟ್ಟಿಗೆ ಆಗುತ್ತವೆ. ತಟ್ಟೆಯ ಅಂಚಿಗೆ ಸ್ವಲ್ಪ ಮೇಲಿರುವ ಡಿಸ್ಟ್ರಿಬ್ಯೂಟರ್ ನಿರ್ವಾತದ ತೂತು ಬಯಲಾಗಿ, ಐಡ್ಲಿಂಗ್‌ನಲ್ಲೇ ಟೈಮಿಂಗ್ ಮುಂದಕ್ಕೆ ಓಡುತ್ತದೆ; ಜೊತೆಗೆ ಐಡ್ಲಿಂಗ್‌ನಿಂದ ಮುಖ್ಯ ಜೆಟ್ಟಿಗೆ ದಾಟುವ ಕ್ಷಣಕ್ಕೆಂದು ಮೀಸಲಿಟ್ಟ ಸಣ್ಣ ತೂತುಗಳು ಮೊದಲೇ ಖರ್ಚಾಗಿ, ಕಾಲು ಒತ್ತಿದೊಡನೆ ಎಂಜಿನ್ ಮುಗ್ಗರಿಸುತ್ತದೆ. ಹೊಸ ಡಯಾಫ್ರಾಮ್ ಹಾಕಿದ ಮೇಲೂ ಮುಗ್ಗರಿಕೆ ಹೋಗಲಿಲ್ಲ ಎಂದು ಕಿಟ್ಟನ್ನು ಬೈಯುವವರು ಮೊದಲು ಈ ಸ್ಕ್ರೂ ಎಲ್ಲಿದೆ ಎಂದು ನೋಡಬೇಕು. ನಿರ್ವಾತದ ಅಡ್ವಾನ್ಸ್ ಇಲ್ಲದ 009 ಡಿಸ್ಟ್ರಿಬ್ಯೂಟರ್ ಹಾಕಿಕೊಂಡವರಿಗೆ ಅಲ್ಪಸ್ವಲ್ಪ ಮುಗ್ಗರಿಕೆ ಉಳಿಯುವುದು ಆ ಜೋಡಿಯ ಹಣೆಬರಹ, ಅದರ ಹೊಣೆ ಕಿಟ್ಟಿನ ಮೇಲಿಲ್ಲ.

ನಾನು ಅನುಸರಿಸಿದ ಕ್ರಮ ಹಳೆಯದೇ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಚೋಕ್ ತಟ್ಟೆ ಪೂರ್ತಿ ನೆಟ್ಟಗೆ ನಿಂತ ಮೇಲೆ ಆರಿಸಿ, ಥ್ರಾಟಲ್ ಸ್ಕ್ರೂವನ್ನು ಮೆಟ್ಟಿಲು ಚಕ್ರದಿಂದ ಬಿಡಿಸಿ, ಅದು ಕೊನೆಯ ಮೆಟ್ಟಿಲನ್ನು ಮುಟ್ಟುವವರೆಗೆ ತಂದು, ಅಲ್ಲಿಂದ ಕಾಲು ಸುತ್ತು ಒಳಕ್ಕೆ ತಿರುಗಿಸಿ, ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಮಿಶ್ರಣದ ಸ್ಕ್ರೂವನ್ನು ತಳ ಮುಟ್ಟುವವರೆಗೆ ಬೆರಳಿನ ಬಲದಲ್ಲಷ್ಟೇ ಇಳಿಸಿ ಎರಡೂವರೆ ಸುತ್ತು ಹೊರಕ್ಕೆ ತಂದೆ. ಬಲವಂತವಾಗಿ ಇಳಿಸಿದರೆ ಅದರ ಮೊನೆಯಲ್ಲಿ ಗೆರೆ ಬಿದ್ದು ಎಂದೆಂದಿಗೂ ಸರಿಯಾಗಿ ಕೂರುವುದಿಲ್ಲ. ಎಂಜಿನ್ ಚಾಲೂ ಮಾಡಿ, ಬೈಪಾಸ್ ಸ್ಕ್ರೂನಿಂದ ವೇಗವನ್ನು ನಿಮಿಷಕ್ಕೆ 850 ಸುತ್ತಿಗೆ ತಂದೆ. ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸುತ್ತ ವೇಗ ಗರಿಷ್ಠವಾಗುವ ಜಾಗ ಹುಡುಕಿ, ಅಲ್ಲಿಂದ ಒಳಕ್ಕೆ ತಿರುಗಿಸಿ 20ರಿಂದ 30 ಸುತ್ತು ಇಳಿದ ಕೂಡಲೇ ಕೈ ತೆಗೆದೆ. ಬೈಪಾಸ್‌ನಿಂದ ಮತ್ತೆ 850. ಬುಷ್ ಹಾಕಿಸುವ ಮೊದಲು ಮೂರು ಸಂಜೆ ಕಳೆದರೂ ಆಗದಿದ್ದ ಈ ಕೆಲಸ ಈಗ ಹತ್ತು ನಿಮಿಷದಲ್ಲಿ ಮುಗಿಯಿತು. ಮಿಶ್ರಣದ ಸ್ಕ್ರೂವಿನ ಎಂಟನೆಯ ಒಂದು ಸುತ್ತಿಗೂ ಎಂಜಿನ್ ದನಿ ಬದಲಿಸಿ ಉತ್ತರ ಕೊಡುತ್ತಿತ್ತು.

ಚಳಿಯ ಬೆಳಗುಗಳಲ್ಲಿ ಮೊದಲ ಕೆಲವು ನಿಮಿಷ ಸಣ್ಣ ತೊಡಕೊಂದು ಉಳಿದಿತ್ತು. ಅದು ಕಾರ್ಬುರೇಟರ್‌ನ ಕೆಳಗಿನದು. ನಡುವಿನ ಒಂದೇ ಕಾರ್ಬುರೇಟರ್‌ನಿಂದ ಎರಡು ಬದಿಯ ಹೆಡ್‌ಗಳಿಗೆ ಮಿಶ್ರಣ ಉದ್ದ ಕೊಳವೆಗಳಲ್ಲಿ ಸಾಗಬೇಕಾದ ಕಾರಣ, ಅದು ದಾರಿಯಲ್ಲಿ ಹನಿಯಾಗದಂತೆ ಹೊಗೆಯ ಬಿಸಿ ಹಾಯುವ ಸಣ್ಣ ಕೊಳವೆಯೊಂದನ್ನು ಮ್ಯಾನಿಫೋಲ್ಡ್‌ಗೆ ತಾಗಿಸಿರುತ್ತಾರೆ. ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಅದರ ಎರಡೂ ತುದಿ ಮುಟ್ಟಲಾಗದಷ್ಟು ಬಿಸಿಯಾಗಬೇಕು. ನನ್ನದರಲ್ಲಿ ಇಂಗಾಲ ಕಟ್ಟಿ ಒಂದು ತುದಿ ತಣ್ಣಗೇ ಇತ್ತು. ಬಿಡಿಸಿದ ಮೇಲೆ ಆ ತೊಡಕೂ ಹೋಯಿತು.

ಹಳೆಯದನ್ನು ಇಷ್ಟು ತಡಕಾಡುವ ಬದಲು ಹೊಸ ನಕಲು ಕಾರ್ಬುರೇಟರನ್ನೇ ತಂದು ಹಾಕಬಾರದೇ ಎಂಬ ಪ್ರಶ್ನೆ ಸಹಜ. ಅದನ್ನೂ ಮಾಡಿ ನೋಡಿದ್ದೇನೆ. ನನಗೆ ಸಿಕ್ಕಿದ್ದರ ಥ್ರಾಟಲ್ ತಟ್ಟೆ ಹೊಸದಿರುವಾಗಲೇ ಒಂದು ಬದಿಯಲ್ಲಿ ಬೆಳಕು ಬಿಡುತ್ತಿತ್ತು, ಒಳಗಿನ ದಾರಿಗಳಲ್ಲಿ ಕೊರೆದ ಲೋಹದ ಚೂರುಗಳು ಉಳಿದಿದ್ದವು. ಒಳ್ಳೆಯ ನಕಲುಗಳೂ ಇರಬಹುದು. ಆದರೆ ಬಿರುಕು ಬಿಡದ, ಮರೆ ಸವೆಯದ ಮೂಲ ಒಡಲು ಕೈಯಲ್ಲಿದ್ದರೆ ಕಿಟ್ ಮತ್ತು ಬುಷ್‌ಗೆ ಮಾಡುವ ಖರ್ಚೇ ಮೇಲು. ಎರಡೆರಡು ವೆಬರ್ ಅಥವಾ ಡೆಲೋರ್ಟೊ ಕಾರ್ಬುರೇಟರ್ ಹಾಕಿದ ಎಂಜಿನ್ನುಗಳ ಕಥೆ ಬೇರೆ. ಅಲ್ಲಿ ಎರಡೂ ಬದಿಯ ಗಾಳಿ ಸೆಳೆತವನ್ನು ಮಾಪಕದಿಂದ ಸರಿಗೂಡಿಸುವುದೇ ಕೆಲಸದ ಮುಕ್ಕಾಲು ಪಾಲು.

ಕಿಟ್ ಹಾಕಿ ಒಂದು ವರ್ಷ ದಾಟಿದೆ. ಈಚೆಗೆ ಮುಚ್ಚಳ ತೆಗೆದು ನೋಡಿದೆ: ಗ್ಯಾಸ್ಕೆಟ್ ಹರಿಯದೆ ಎದ್ದು ಬಂತು, ಪಂಪ್ ಡಯಾಫ್ರಾಮ್ ಮೊದಲಿನಷ್ಟೇ ಮೆತ್ತಗಿದೆ, ಫ್ಲೋಟ್ ತೊಟ್ಟಿಯ ಮಟ್ಟ ಕದಲಿಲ್ಲ. ಬೈಪಾಸ್ ಸ್ಕ್ರೂವಿಗೆ ಕೊಟ್ಟಿದ್ದ ರಬ್ಬರ್ ಉಂಗುರ ಮಾತ್ರ ಗಟ್ಟಿಯಾಗಿ, ತಿರುಗಿಸುವಾಗ ತುಂಡಾಯಿತು. ಚೀಲದಲ್ಲಿ ಅದರದ್ದು ಇನ್ನೊಂದು ಉಳಿದಿತ್ತು. ಅದನ್ನು ಹಾಕಿ, ವೇಗವನ್ನು ಮತ್ತೆ 850ಕ್ಕೆ ತಂದಿಟ್ಟಿದ್ದೇನೆ.